ಉದ್ದೇಶಿಸದ ಹಿಂಸೆ

ಬೆಳೆಯನ್ನು ಕಾಯುವುದಕ್ಕಾಗಿ ಗೃಹಸ್ಥನು ಕೀಟವನ್ನು ಕೊಲ್ಲುವುದು ಅಧರ್ಮವೆಂದು ಯಾರೂ ಸುಲಭವಾಗಿ ಹೇಳಲಾರರು. ಕೃಷಿಯೇ ಕಾಯಕವೆಂದಮೇಲೆ ನೇಗಿಲ ಮೊನೆಗೂ ಹಲವು ಜೀವಗಳು ಸಿಲುಕುತ್ತವೆ. ಆದರೆ ಕೊಲ್ಲಲು ಬಯಸದಿದ್ದ ಜೀವವೂ ಅದೇ ಕೈಯಿಂದ ಸತ್ತರೆ, ‘ಅದು ಉದ್ದೇಶವಾಗಿರಲಿಲ್ಲ’ ಎಂಬ ಮಾತು ಎಷ್ಟರಮಟ್ಟಿಗೆ ಸಲ್ಲುತ್ತದೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತೋಟಗಳಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಅಡಕೆಯ ನೆರಳಿನಲ್ಲಿ ಬೆಳೆಯುವ ಏಲಕ್ಕಿಯ ಹೂವು ಬುಡದ ಬಳಿ ಮುಂಜಾನೆ ಅರಳುತ್ತದೆ. ಅದರ ಬಾಳು ಒಂದೇ ದಿನದ್ದು. ಅದರ ಪರಾಗವು ಗಾಳಿಗೆ ಹಾರುವಂಥದಲ್ಲ. ತುಡುವೆ ಜೇನು ಬಂದು ಮುಟ್ಟದಿದ್ದರೆ ಕಾಯಿ ಕಚ್ಚುವುದು ವಿರಳ. ಅದೇ ಗಿಡಕ್ಕೆ ಥ್ರಿಪ್ಸ್ ಎಂಬ ಸಣ್ಣ ಕೀಟವೂ ಹತ್ತಿ ಕಾಯಿಗೆ ಕಜ್ಜಿ ತರಿಸುತ್ತದೆ. ಅದಕ್ಕೆಂದು ಎರಚಿದ ವಿಷವು ಶತ್ರುವೆಂದೂ ಮಿತ್ರನೆಂದೂ ಭೇದವೆಣಿಸದು. (ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮಾತು ಬೇರೆ, ಅದು ಶಿಲೀಂಧ್ರಕ್ಕೆಂದು ಮಾಡಿದ ಮದ್ದು.)

ಜೇನಿನ ನಾಶವೆಲ್ಲ ಮನುಷ್ಯನ ವಿಷದಿಂದಲೇ ಆದುದೆಂದರೆ ಅನ್ಯಾಯವಾದೀತು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಆದರೆ ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿಯೇ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕವು ನೂರಕ್ಕೆ 75ಕ್ಕೂ ಮಿಕ್ಕು ಕುಗ್ಗಿತೆಂದು 2017ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿದಾಗ ಲೋಕವೇ ಬೆಚ್ಚಿತು. ಕೀಟಗಳು ಅಳಿದರೆ ಹಣ್ಣು ಕಾಯಿಗಳಷ್ಟೇ ಕಡಮೆಯಾಗುವುದಿಲ್ಲ. ಮರಿಗಳಿಗೆ ಹುಳುವನ್ನೇ ಉಣಿಸುವ ಹಕ್ಕಿಗಳು ಸೊರಗುತ್ತವೆ, ತರಗೆಲೆಯೂ ಸಗಣಿಯೂ ಮಣ್ಣಾಗುವ ಕೆಲಸ ಕುಂಟುತ್ತದೆ.

ಕಾಸರಗೋಡಿನ ಗೇರುತೋಟಗಳ ಮೇಲೆ ‘ಟೀ ಸೊಳ್ಳೆ’ ಎಂಬ ಒಂದು ಕೀಟವನ್ನು ಗುರಿಯಾಗಿಟ್ಟು ಎರಡು ದಶಕಗಳಿಗೂ ಮಿಕ್ಕು, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ಕೆಳಗಿನ ಮನೆಗಳು ಯಾರ ಗುರಿಯೂ ಆಗಿರಲಿಲ್ಲ. ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ.

ಅರಿಯದೆ ಮಾಡಿದುದಕ್ಕೆ ಕ್ಷಮೆಯಿರಬಹುದು. ಅರಿತಮೇಲೆ ಉದ್ದೇಶವಿಲ್ಲವೆಂಬ ಮಾತು ನಿಲ್ಲದು. ಜೇನು ಹೂವಿಗೆ ಬರುವ ಹೊತ್ತು ಯಾವುದೆಂದು ತೋಟದವನು ಬಲ್ಲನು. ವಿಷವನ್ನು ಹೊಡೆಯಲೇಬೇಕಾದರೆ ಮಧ್ಯಾಹ್ನ ಕಳೆದಮೇಲೆ ಹೊಡೆಯಬೇಕೆಂಬುದು ಕೃಷಿತಜ್ಞರ ಸಲಹೆಯೂ ಹೌದು. ಆಳುಗಳು ದೊರೆಯುವುದೇ ಬೆಳಗ್ಗೆಯೆಂಬ ಅಡಚಣೆ ಸುಳ್ಳಲ್ಲ. ಆದರೆ ಅಂದು ಬೆಳಗ್ಗೆ ಅವರ ಕೈಗೆ ಗೊಬ್ಬರದ ಬುಟ್ಟಿಯನ್ನು ಕೊಟ್ಟು, ಊಟವಾದಮೇಲೆ ಪಂಪನ್ನು ಕೊಡಬಹುದಲ್ಲವೇ?