ಗೋಮತಿ ಚಕ್ರ: ಹುಳುವಿನ ಬಾಗಿಲು ಪೂಜೆಗೆ ಬರುತ್ತದೆಯೆ?

ಪ್ರಶ್ನೆ: ನಮ್ಮದು ಕಾಲುವಿ ನೀರಿನ ಭತ್ತದ ಒಕ್ಕಲತನ. ಎರಡು ವರ್ಷದಿಂದ ಕೈ ಹತ್ತಿಲ್ಲ, ಸಾಲ ಬೆಳದಾದ. ಹೋದ ತಿಂಗಳು ಮನಿಗೆ ಬಂದ ಒಬ್ಬರು 11 ಗೋಮತಿ ಚಕ್ರ ಕೊಟ್ಟು, ‘ಶುಕ್ರವಾರ ಪೂಜಿ ಮಾಡಿ ಕೆಂಪು ಅರಿವ್ಯಾಗ ಕಟ್ಟಿ ತಿಜೋರಿದಾಗ ಇಡ್ರಿ, ಲಕ್ಷ್ಮಿ ನಿಲ್ತಾಳ’ ಅಂದರು. ನಾಟಿ ಹಚ್ಚಿದವರಿಗೆ ಕೊಡಬೇಕಂತ ಇಟ್ಟಿದ್ದ ರೊಕ್ಕದಾಗ 5,500 ರೂಪಾಯಿ ತಗದು ಕೊಟ್ಟೆ. ಡಿಗ್ರಿ ಓದಿದ ಸೊಸಿ ಅವನ್ನ ನೋಡಿ, ‘ಅತ್ತಿ, ಇದು ಕಲ್ಲಲ್ಲ, ಸಮುದ್ರದ ಬಸವನಹುಳದ ಬಾಗಿಲು’ ಅಂದಳು. ನಾವು ಮಾಂಸ ಮುಟ್ಟಲಾರದ ಮಂದಿ. ಆವತ್ತಿನಿಂದ ಮನಿಯೊಳಗ ಸರಿಯಾಗಿ ಮಾತಿಲ್ಲ. ‘ದೇವರ ವಸ್ತುಕ್ಕ ಹೆಸರಿಟ್ಟಳು, ಅದಕ್ಕ ಫಲ ಸಿಗಲಿಲ್ಲ’ ಅಂತ ನಮ್ಮವರು ಆಕಿ ಮ್ಯಾಲೆ ಸಿಟ್ಟಾಗ್ಯಾರ. ಸೊಸಿ ಹೇಳಿದ್ದು ಖರೆ ಏನ್ರಿ? ಖರೆ ಇದ್ದರ ಜೀವದ ಅವಯವ ಪೂಜಿಗೆ ಇಡಬಹುದಾ? ತಗದರ ದೋಷ ಬರ್ತಾದಾ?

— ಒಬ್ಬ ಗೃಹಿಣಿ, ಬಳಗಾನೂರು (ಮಸ್ಕಿ ತಾಲ್ಲೂಕು)

ಉತ್ತರ: ತಾಯಿ, ನಿಮ್ಮ ಸೊಸೆ ಹೇಳಿದ್ದು ಖರೆ. ಮನೆಯಲ್ಲಿ ಮಾತು ನಿಂತಿರುವಾಗ ಸುತ್ತಿ ಬಳಸಿ ಹೇಳುವುದು ಸರಿಯಲ್ಲ, ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ.

ಪೂಜಾ ಸಾಮಗ್ರಿ ಅಂಗಡಿಗಳಲ್ಲಿ ಗೋಮತಿ ಚಕ್ರ ಎಂದು ಮಾರುವ ಬಿಳಿ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ನೋಡಿ. ಒಂದು ಮೈ ಉಬ್ಬಿದೆ, ಇನ್ನೊಂದು ಮೈ ಚಪ್ಪಟೆಯಾಗಿದ್ದು ಅದರ ಮೇಲೆ ಸುರುಳಿ ಇದೆ. ಸಮುದ್ರದ ಬಂಡೆಗಳ ಮೇಲೆ ಪಾಚಿ ತಿಂದು ಬದುಕುವ ಒಂದು ಜಾತಿಯ ಬಸವನಹುಳು ಇದೆ. ಅದರ ಚಿಪ್ಪು ಸುತ್ತಿ ಕಟ್ಟಿದ ರುಮಾಲಿನ ಹಾಗೆ ಕಾಣುತ್ತದೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಕುಲಕ್ಕೆ ‘ಟರ್ಬೊ’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಬುಗುರಿ. ಈ ಕುಲದ ಮತ್ತು ಇದರ ಹತ್ತಿರದ ಬಳಗದ ಹುಳುಗಳು ಅಪಾಯ ಕಂಡಾಗ ಮೈಯನ್ನೆಲ್ಲ ಚಿಪ್ಪಿನೊಳಗೆ ಎಳೆದುಕೊಂಡು, ಪಾದಕ್ಕೆ ಅಂಟಿದ ಸುಣ್ಣದ ಬಿಲ್ಲೆಯಿಂದ ಬಾಯಿ ಮುಚ್ಚಿಕೊಳ್ಳುತ್ತವೆ. ಉಬ್ಬಿದ ಮೈ ಹೊರಗೆ, ಸುರುಳಿಯ ಮೈ ಒಳಗೆ. ಹುಳು ಬೆಳೆದಂತೆ ಬಾಗಿಲೂ ಬೆಳೆಯಬೇಕಲ್ಲ, ಅದಕ್ಕೆ ಸುತ್ತಿನ ಮೇಲೆ ಸುತ್ತು ಸೇರುತ್ತ ಹೋಗುತ್ತದೆ. ನೀವು ಚಕ್ರ ಎಂದು ಕುಂಕುಮ ಹಚ್ಚಿದ್ದು ಆ ಬೆಳವಣಿಗೆಯ ಗುರುತಿಗೆ. ಹುಳು ಸತ್ತ ಮೇಲೆ ಬಾಗಿಲು ಕಳಚಿ ಬೀಳುತ್ತದೆ, ಅಲೆಗಳು ಅದನ್ನು ದಡಕ್ಕೆ ತರುತ್ತವೆ. ಗುಜರಾತಿನ ದ್ವಾರಕೆಯಲ್ಲಿ ಗೋಮತಿ ನದಿ ಸಮುದ್ರ ಸೇರುವ ಜಾಗದ ಹೆಸರು ಇದಕ್ಕೆ ಬಂದಿದೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ವೈಷ್ಣವ ಮನೆಗಳಲ್ಲಿ ಸಾಲಿಗ್ರಾಮದ ಜೊತೆಗೆ ಪೂಜೆಗೊಳ್ಳುವ ದ್ವಾರಕೆಯ ಚಕ್ರಾಂಕಿತ ಶಿಲೆ ಬೇರೆ, ಈ ಬಿಲ್ಲೆ ಬೇರೆ. ಹೆಸರು, ಊರು ಎರಡೂ ಹತ್ತಿರವಿರುವುದರಿಂದ ಅದರ ಮಹಿಮೆಯನ್ನು ಇದಕ್ಕೆ ಹಚ್ಚಿ ಮಾರುವುದು ಸುಲಭವಾಗಿದೆ. ಇನ್ನು ಸಾಲಿಗ್ರಾಮವೂ ಒಂದು ಕಾಲದಲ್ಲಿ ಜೀವವೇ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಕಡಲ ಪ್ರಾಣಿಯ ಚಿಪ್ಪು ಕಲ್ಲಾಗಿ ನೇಪಾಳದ ಗಂಡಕಿ ನದಿಯಲ್ಲಿ ಸಿಗುತ್ತದೆ.

ಇದರಿಂದಲೇ ನಿಮ್ಮ ಎರಡನೆಯ ಪ್ರಶ್ನೆಗೆ ಬರೋಣ. ಜೀವದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ವಸ್ತು ಮೈಲಿಗೆಯಾಗುವುದಿಲ್ಲ. ಹಾಗಾಗುವುದಾದರೆ ನಮ್ಮ ದೇವರ ಜಗಲಿ ಅರ್ಧ ಖಾಲಿಯಾದೀತು. ಊದುವ ಶಂಖ ಒಂದು ಸಮುದ್ರದ ಹುಳುವಿನ ಮನೆ. ಪಂಚಾಮೃತದ ಜೇನು ಹುಳುಗಳ ದುಡಿಮೆ. ಮಡಿಯ ರೇಷ್ಮೆ ಹುಳುವಿನ ಗೂಡು. ಚಾಮರ ಚಮರೀಮೃಗದ ಬಾಲದ ಕೂದಲು. ನಿಮ್ಮ ಸೀಮೆಯಲ್ಲಿ ಎಲ್ಲಮ್ಮನ ಜೋಗತಿಯರ ಕೊರಳಲ್ಲಿ ಕಾಣುವ ಕವಡಿ ಸರವೂ ಕಡಲ ಹುಳುವಿನ ಚಿಪ್ಪೇ. ಸಮುದ್ರ ನೋಡದ ನಮ್ಮ ಹಿರಿಯರ ಕೈಗೆ ಕಡಲಿನ ವಸ್ತು ಬಂದು ಸೇರಿ ಬಹಳ ಕಾಲವಾಯಿತು. ಹಾಗಾಗಿ ‘ನಾವು ಮಾಂಸ ಮುಟ್ಟದವರು, ಇದನ್ನು ಮುಟ್ಟಿ ಕೆಟ್ಟೆವು’ ಎಂದು ನೀವು ಕೊರಗಬೇಕಾಗಿಲ್ಲ. ಅದರಲ್ಲಿ ಮಾಂಸವಿಲ್ಲ, ಇರುವುದು ಸುಣ್ಣ. ನಿಂಬೆಹಣ್ಣಿನ ರಸ ಒಂದು ಹನಿ ಬಿಟ್ಟರೆ ನೊರೆ ಬರುತ್ತದೆ.

ಆದರೆ ಮಡಿ–ಮೈಲಿಗೆಗಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಆ ಹುಳು ತಾನಾಗಿ ಸತ್ತು ಅದರ ಬಾಗಿಲು ದಡಕ್ಕೆ ಬಂತೋ, ಅಥವಾ ಮಾರುವುದಕ್ಕಾಗಿಯೇ ಹಿಡಿದು ಕೊಂದರೋ? ಬಿಲ್ಲೆಯನ್ನು ಎಷ್ಟು ತಿರುಗಿಸಿ ನೋಡಿದರೂ ಇದು ತಿಳಿಯುವುದಿಲ್ಲ. ಎರಡಕ್ಕೂ ಒಂದೇ ಹೊಳಪು. ಕೊಂದೇ ತಂದಿದ್ದರೂ ನಿಮಗೆ ಗೊತ್ತಿಲ್ಲದೆ ಆದದ್ದಕ್ಕೆ ಪಾಪ ನಿಮ್ಮ ತಲೆಗೆ ಬರುವುದಿಲ್ಲ. ಆದರೆ ಗೊತ್ತಾದ ಮೇಲೆ ಮತ್ತೆ ಕೊಳ್ಳುವಾಗ ‘ನನಗೆ ಗೊತ್ತಿರಲಿಲ್ಲ’ ಎನ್ನುವ ಹಾಗಿಲ್ಲ. ಮನೆಗೊಂದು 11 ಬೇಕೆಂದು ಊರೂರೇ ಕೇಳಲು ಶುರು ಮಾಡಿದರೆ, ಅಲೆ ತಂದು ಹಾಕುವವರೆಗೆ ಕಾಯುವವರು ಯಾರು? ಇದೇ ಬಳಗದ ದೊಡ್ಡ ಹಸಿರು ಹುಳು ಅಂಡಮಾನ್ ಸಮುದ್ರದಲ್ಲಿದೆ. ಅದರ ಚಿಪ್ಪಿನ ಒಳಮೈ ಮುತ್ತಿನಂತೆ ಹೊಳೆಯುತ್ತದೆಂದು ಗುಂಡಿ ಮಾಡಲು, ಮರದಲ್ಲಿ ಕೂರಿಸಲು ಬಳಸುತ್ತಿದ್ದರು. ಕಡೆಗೆ 2001ರಲ್ಲಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಬೇಕಾಯಿತು. ಅಲ್ಲಿ ನಡೆದದ್ದು ಅಲಂಕಾರದ ಆಸೆಗೆ. ಭಕ್ತಿಯ ಹೆಸರಿನಲ್ಲಿ ನಡೆದರೆ ಅದು ಹೆಚ್ಚು ಪವಿತ್ರವಾಗುತ್ತದೆಯೆ? ಹುಳುವಿಗೆ ಎರಡೂ ಒಂದೇ.

ನಮ್ಮ ಭಾಷೆ ಈ ಹುಳುವಿಗೆ ಎಂಥ ಹೆಸರು ಕೊಟ್ಟಿದೆ ನೋಡಿ! ಅದರ ತಲೆಯ ಎರಡು ಕೊಂಬು ಕಂಡು ಹಿರಿಯರು ಬಸವನಹುಳು ಎಂದರು. ಹೊಲದ ಬದುವಿನಲ್ಲಿ ಹರಿಯುವ ಇಷ್ಟು ಸಣ್ಣ ಜೀವಕ್ಕೂ ಬಸವನ ಹೆಸರು. ಹೆಸರಿಡುವಾಗ ಇದ್ದ ಆ ಪ್ರೀತಿ ಕೊಳ್ಳುವಾಗಲೂ ಇರಲಿ ಎಂದಷ್ಟೇ ನನ್ನ ಮಾತು.

ಇನ್ನು ಫಲದ ವಿಷಯ. ಆ ಬಾಗಿಲು ಇದ್ದದ್ದು ಹುಳು ತನ್ನ ಜೀವ ಉಳಿಸಿಕೊಳ್ಳಲು. ತನ್ನ ಒಡೆಯನನ್ನೇ ಕೊನೆಯವರೆಗೆ ಕಾಯಲಾರದ ಬಾಗಿಲು ನಿಮ್ಮ ತಿಜೋರಿ ಕಾಯುತ್ತದೆ ಎಂದು ನಾನು ಹೇಳಲಾರೆ. ಪೂಜೆಯಿಂದ ಮನಸ್ಸಿಗೆ ಧೈರ್ಯ ಬರುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಭತ್ತದ ಧಾರಣೆ, ಕಾಲುವೆಯ ನೀರು, ಸಾಲದ ಬಡ್ಡಿ ಈ ಮೂರೂ ಕೆಂಪು ಅರಿವೆಯ ಗಂಟಿಗೆ ಅಂಜುವಂಥವಲ್ಲ.

ತಾಯಿ, ನಿಮ್ಮ ಪತ್ರದ ನಡುವೆ ಒಂದು ಸಾಲು ಬಂದು ಹೋಗಿದೆ. ನೀವು ಅದನ್ನು ಪ್ರಶ್ನೆಯಾಗಿ ಕೇಳಿಲ್ಲ, ಆದರೂ ನಾನು ಅಲ್ಲೇ ನಿಂತೆ. ಚಕ್ರ ಕೊಂಡದ್ದು ನಾಟಿ ಹಚ್ಚಿದವರಿಗೆ ಇಟ್ಟಿದ್ದ ರೊಕ್ಕದಲ್ಲಿ. ಆ ಕೂಲಿ ಕೊಟ್ಟಿರೋ ಇಲ್ಲವೋ ನೀವು ಬರೆದಿಲ್ಲ. ಕೊಡದಿದ್ದರೆ, ದಿನವಿಡೀ ನೀರಲ್ಲಿ ಬಗ್ಗಿ ನಿಂತ ಆ ಹೆಣ್ಣುಮಕ್ಕಳ ಮನೆಯ ಶುಕ್ರವಾರ ಹೇಗೆ ಕಳೆದಿರಬಹುದು?

ನಿಮ್ಮ ತಾಲ್ಲೂಕಿನ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಇಂಜಿನಿಯರ್ ಕಂಡ ಬಂಡೆಯ ಶಾಸನದಿಂದ ‘ದೇವಾನಾಂಪ್ರಿಯ’ ಎಂಬಾತ ಅಶೋಕನೇ ಎಂದು ಲೋಕಕ್ಕೆ ಖಾತ್ರಿಯಾಯಿತು. ಧರ್ಮದಲ್ಲಿ ನಡೆದರೆ ದೊಡ್ಡವರೇ ಅಲ್ಲ, ಸಣ್ಣವರೂ ಉನ್ನತಿ ಪಡೆಯಬಹುದು ಎಂಬುದು ಆ ಶಾಸನದ ಸಾರ. ಆಂಧ್ರದ ಕರ್ನೂಲು ಜಿಲ್ಲೆಯ ಎರ‍್ರಗುಡಿಯಲ್ಲೂ ಅದೇ ಅರಸನ ಶಾಸನಗಳಿವೆ. ಅವುಗಳಲ್ಲಿ ಒಂಬತ್ತನೆಯದು ನಿಮ್ಮ ಪ್ರಶ್ನೆಗೇ ಬರೆದಂತಿದೆ. ರೋಗ ಬಂದಾಗ, ಮದುವೆಯಲ್ಲಿ, ಮಗು ಹುಟ್ಟಿದಾಗ, ಪ್ರಯಾಣಕ್ಕೆ ಹೊರಟಾಗ ಜನ ನಾನಾ ಮಂಗಳಕಾರ್ಯ ಮಾಡುತ್ತಾರೆ. ಮಾಡಲಿ, ಆದರೆ ಅವುಗಳ ಫಲ ಅಲ್ಪ. ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದು, ಹಿರಿಯರನ್ನು ಗೌರವಿಸುವುದು, ಪ್ರಾಣಿಗಳ ವಿಷಯದಲ್ಲಿ ಸಂಯಮ, ದಾನ—ಇದೇ ಬಹಳ ಫಲದ ಮಂಗಳ ಎಂಬುದು ಅದರ ಅಭಿಪ್ರಾಯ. ಎರಡು ಸಾವಿರ ವರ್ಷ ದಾಟಿದರೂ ಈ ಮಾತಿಗೆ ನಾನು ಸೇರಿಸಬೇಕಾದ್ದು ಏನೂ ಇಲ್ಲ. ಮೊದಲು ಕೂಲಿ ಕೊಡಿ. ಒಮ್ಮೆಗೇ ಆಗದಿದ್ದರೆ ಅವರ ಮನೆಗೆ ಹೋಗಿ ಇಂಥ ದಿನ ಕೊಡುತ್ತೇನೆಂದು ಹೇಳಿ ಬನ್ನಿ, ಹೇಳಿದ ದಿನ ಕೊಡಿ. ಲಕ್ಷ್ಮೀಪೂಜೆ ಅಲ್ಲಿಂದ ಶುರುವಾಗಲಿ.

ಕಡೆಯ ಪ್ರಶ್ನೆ, ತೆಗೆದರೆ ದೋಷವೆ? ಇಲ್ಲ. ದೋಷದ ಅಂಜಿಕೆ ಹುಟ್ಟಿಸುವುದು ಮಾರುವವರಿಗೆ ಅನುಕೂಲ, ದೇವರಿಗೆ ಅದರಿಂದ ಆಗಬೇಕಾದ್ದೇನಿಲ್ಲ. ಇಟ್ಟುಕೊಳ್ಳಬೇಕೆನಿಸಿದರೆ ಗಂಟು ಬಿಚ್ಚಿ ಜಗಲಿಯ ಮೇಲೆ ಒಂದು ತಟ್ಟೆಯಲ್ಲಿಡಿ. ದುಡ್ಡು ಬೇಡುವುದಕ್ಕಲ್ಲ, ಯಾವುದೋ ಜೀವದ ಮನೆಯ ಬಾಗಿಲು ಇದು ಎಂಬ ನೆನಪಿಗೆ. ತೊಳೆಯುವಾಗ ಹುಳಿ ತಾಗಿಸಬೇಡಿ, ಸವೆಯುತ್ತದೆ. ಬೇಡ ಅನಿಸಿದರೆ ತುಳಸಿಕಟ್ಟೆಯ ಮಣ್ಣಿನಲ್ಲಿ ಹೂತುಬಿಡಿ. ಸುಣ್ಣ ಮಣ್ಣಿಗೆ ಸೇರುತ್ತದೆ. ಎರಡೂ ಸರಿ, ಯಾವುದಕ್ಕೂ ಮಂತ್ರ–ಮುಹೂರ್ತ ಬೇಕಿಲ್ಲ. ಇನ್ನಷ್ಟು ಕೊಳ್ಳುವುದು ಮಾತ್ರ ಬೇಡ.

ನಿಮ್ಮ ಯಜಮಾನರಿಗೂ ಒಂದು ಮಾತು ತಲುಪಿಸಿ. ಸೊಸೆ ದೇವರ ವಸ್ತುವಿಗೆ ಹೆಸರಿಟ್ಟಿಲ್ಲ, ಇದ್ದ ಹೆಸರನ್ನೇ ಹೇಳಿದ್ದಾಳೆ. ನಿಜ ಹೇಳಿದರೆ ಓಡಿಹೋಗುವ ಫಲ ಅವಳು ಬಾಯಿ ಮುಚ್ಚಿಕೊಂಡಿದ್ದರೂ ನಿಲ್ಲುತ್ತಿರಲಿಲ್ಲ. ಬಸವನಹುಳು ಅಂಜಿದಾಗ ಒಳಗೆ ಸರಿದು ಬಾಗಿಲು ಹಾಕಿಕೊಳ್ಳುತ್ತದೆ. ನಿಮ್ಮ ಮನೆಯಲ್ಲೂ ಈಗ ಆಗಿರುವುದು ಅದೇ. ಸಾಲದ ಅಂಜಿಕೆಗೆ ಒಬ್ಬೊಬ್ಬರೂ ಒಳಗೆ ಸರಿದಿದ್ದೀರಿ. ಹುಳು ಅಪಾಯ ಸರಿದ ಮೇಲೆ ತೆರೆಯುತ್ತದೆ. ಮನುಷ್ಯರು ಅಷ್ಟು ಕಾಯಬೇಕಾಗಿಲ್ಲ. ಹಿರಿಯರಾದ ನೀವೇ ಮೊದಲು, ‘ಬಾರವ್ವ, ಆ ಹುಳದ ಸುದ್ದಿ ಇನ್ನೊಮ್ಮೆ ಹೇಳು, ನಿಮ್ಮ ಮಾವನೂ ಕೇಳಲಿ’ ಅನ್ನಿ.

ನಿಮ್ಮ ಬೆಳೆ ಕೈಗೆ ಬರಲಿ. ಶುಭವಾಗಲಿ.