ತಂಡ ಹೊರಟುಹೋದ ಮೇಲೆ ಊರಿಗೆ ಉಳಿಯುವುದೇನು?

ಕೆನಡಾದ ವಿನ್ನಿಪೆಗ್ ನಗರದಲ್ಲಿ 1972ರಲ್ಲಿ ‘ಜೆಟ್ಸ್’ ಎಂಬ ವೃತ್ತಿಪರ ಐಸ್ ಹಾಕಿ ತಂಡ ಹುಟ್ಟಿತು. ವರ್ಲ್ಡ್ ಹಾಕಿ ಅಸೋಸಿಯೇಷನ್ ಲೀಗಿನಲ್ಲಿ ಮೂರು ಸಲ ಕಪ್ ಗೆದ್ದು, 1979ರಲ್ಲಿ ದೊಡ್ಡ ಲೀಗಾದ ಎನ್‌ಎಚ್‌ಎಲ್ ಸೇರಿತು. ಆದರೆ ಊರು ಸಣ್ಣದು, ಕ್ರೀಡಾಂಗಣ ಹಳೆಯದು. ಆಟಗಾರರ ಸಂಬಳ ಅಮೆರಿಕದ ಡಾಲರಿನಲ್ಲಿ, ಟಿಕೆಟ್ಟಿನ ದುಡ್ಡು ಸೊರಗಿದ ಕೆನಡಾ ಡಾಲರಿನಲ್ಲಿ. ಲೆಕ್ಕ ಕೂಡಲಿಲ್ಲ. 1996ರಲ್ಲಿ ತಂಡ ಮರುಭೂಮಿಯ ಫೀನಿಕ್ಸ್‌ಗೆ ಹೋಗಿ ‘ಕಯೋಟೀಸ್’ ಆಯಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2011ರಲ್ಲಿ ಅಟ್ಲಾಂಟಾದ ತಂಡವೊಂದು ವಿನ್ನಿಪೆಗ್‌ಗೆ ಬಂತು. ಜನ ಅದಕ್ಕೂ ‘ಜೆಟ್ಸ್’ ಎಂದೇ ಹೆಸರು ಬಯಸಿದರು, ಅದೇ ಹೆಸರಾಯಿತು. ಲೀಗಿನ ದಫ್ತರದಲ್ಲಿ ಮಾತ್ರ ಹಳೆಯ ಜೆಟ್ಸ್‌ನ ದಾಖಲೆಗಳು ಅರಿಜೋನಾದ ಪಾಲಾಗಿದ್ದವು. ಹೊಸ ಜೆಟ್ಸ್‌ನ ವಂಶಾವಳಿ ಶುರುವಾಗುವುದು ಅಟ್ಲಾಂಟಾದಲ್ಲಿ. 2024ರಲ್ಲಿ ಅರಿಜೋನಾದ ಆಟಗಾರರೆಲ್ಲ ಯೂಟಾಕ್ಕೆ ಹೋದಾಗ ಇದು ತಿರುವುಮುರುವಾಯಿತು: ಆಟಗಾರರು ಹೋದರು, ಹೆಸರು ಮತ್ತು ಇತಿಹಾಸ ಹೋಗಲಿಲ್ಲ.

ಹಾಗಾದರೆ ತಂಡ ಎಂದರೆ ಯಾವುದು? ಆಟಗಾರರೇ, ಹೆಸರೇ, ಒಡೆತನದ ಕಾಗದವೇ, ಊರೇ?

ಹಿರೇಹಡಗಲಿಯ ಕಡೆಯವರಾದ ನಮಗೆ ಈ ಪ್ರಶ್ನೆ ಇನ್ನೊಂದು ತುದಿಯಿಂದ ಗೊತ್ತು. ನಾವು ಕದಲಲಿಲ್ಲ, ಜಿಲ್ಲೆ ಬದಲಾಯಿತು. 2021ರವರೆಗೆ ಬಳ್ಳಾರಿ, ಆಮೇಲೆ ವಿಜಯನಗರ. ಪಕ್ಕದ ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಕೊನೆಗೆ ವಿಜಯನಗರ ಸೇರಿತು. ಕಾಗದ ಎಷ್ಟು ಸಲ ಬದಲಾದರೂ ಊರು ಅದೇ ಊರು. ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿಗೆ ತನ್ನ ಜಿಲ್ಲೆ ಯಾವುದೆಂಬ ಚಿಂತೆಯಿಲ್ಲ. ಆದರೆ ತಂಡಕ್ಕೆ ಕಲ್ಲಿನ ಬುನಾದಿಯಿಲ್ಲ. ನೋಡುವವರ ನೆನಪಿನಲ್ಲಷ್ಟೇ ಅದು ನಿಲ್ಲುತ್ತದೆ.

ಮಾಲೀಕನ ವಾದ ಸುಳ್ಳಲ್ಲ. ನಷ್ಟ ಅವನದು, ಸಾಲ ಅವನದು. ಟಿಕೆಟ್ ಕೊಂಡವನು ಆಟ ನೋಡಿದ, ಅಲ್ಲಿಗೆ ಲೆಕ್ಕ ಚುಕ್ತಾ. ಯಾರದೋ ಪ್ರೀತಿಗಾಗಿ ಇನ್ನೊಬ್ಬ ಮನೆ ಮಾರಿಕೊಳ್ಳಬೇಕೇ? ಬೇಡ. ಆದರೆ ತಂಡವನ್ನು ಬೆಳೆಸುವಾಗ ಅವನು ಮಾರಿದ್ದು ಬರೀ ಆಟವನ್ನಲ್ಲ, ‘ಇದು ನಿಮ್ಮದು’ ಎಂಬ ಮಾತನ್ನೂ ಮಾರಿದ. ಊರಿನ ಹೆಸರನ್ನು ಅಂಗಿಯ ಮೇಲೆ ಬರೆದುಕೊಂಡಾಗಲೇ ಅವನು ಒಂದು ಸಾಲ ಎತ್ತಿದ್ದಾನೆ, ಅದು ಬ್ಯಾಂಕಿನ ಪುಸ್ತಕದಲ್ಲಿ ಕಾಣುವುದಿಲ್ಲ.

ನಮ್ಮ ಹಳೆಯ ಜಿಲ್ಲೆಯ ಹೆಸರನ್ನೂ ಹೀಗೆ ಕಡ ಪಡೆದದ್ದುಂಟು. ಕರ್ನಾಟಕ ಪ್ರೀಮಿಯರ್ ಲೀಗಿನ ಬಳ್ಳಾರಿ ಟಸ್ಕರ್ಸ್ 2019ರ ಫೈನಲ್ ಆಡಿದ್ದು ಮೈಸೂರಿನಲ್ಲಿ. ಆಮೇಲೆ ಮ್ಯಾಚ್ ಫಿಕ್ಸಿಂಗ್ ಆರೋಪಗಳು ಬಂದು ಲೀಗೇ ನಿಂತುಹೋಯಿತು. ಹೆಸರು ಕೊಡುವಾಗ ಬಳ್ಳಾರಿಯನ್ನು ಯಾರೂ ಕೇಳಿರಲಿಲ್ಲ. ಆ ಹೆಸರು ಸುದ್ದಿಗಳಲ್ಲಿ ಮಸಿ ಬಳಿಸಿಕೊಂಡಾಗಲೂ ಕೇಳಲಿಲ್ಲ.

ಮಾರಲಾಗದ ತಂಡಗಳೂ ನಮ್ಮ ನಾಡಿನಲ್ಲಿವೆ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿದ್ದವು. ಮನೆತನದ ತಂಡವನ್ನು ಯಾವ ಶ್ರೀಮಂತನೂ ಕೊಂಡು ಬೇರೆ ಊರಿಗೆ ಒಯ್ಯಲಾರ. ಆದರೆ ಅಲ್ಲಿ ಸೇರಲು ಆ ಮನೆಯ ಸಂಬಂಧ ಬೇಕು. ವೃತ್ತಿಪರ ತಂಡ ನಿನ್ನೆ ಊರಿಗೆ ಬಂದ ಕೂಲಿಯವನನ್ನೂ ‘ನಮ್ಮವನು’ ಎನ್ನುತ್ತದೆ. ಯಾರನ್ನೂ ಒಳಗೆ ಬಿಡುವ ಬಾಗಿಲಿನಿಂದಲೇ ಅದು ಒಂದು ದಿನ ಹೊರಗೂ ಹೋಗಬಹುದು. ಇವೆರಡನ್ನು ಬೇರ್ಪಡಿಸುವುದು ಸುಲಭವಲ್ಲ.

ಹಾಗಾಗಿ ತಂಡ ಹೋಗಲೇಬಾರದು ಎನ್ನಲಾರೆ. ಹೋಗುವಾಗ ಏನನ್ನು ಒಯ್ಯಬಾರದು ಎಂದು ಕೇಳಬಹುದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಫುಟ್ಬಾಲ್ ತಂಡ 1996ರಲ್ಲಿ ಬಾಲ್ಟಿಮೋರ್‌ಗೆ ಹೊರಟಾಗ, ಆ ನಗರ ಹಟ ಹಿಡಿದು ‘ಬ್ರೌನ್ಸ್’ ಎಂಬ ಹೆಸರು, ಬಣ್ಣ, ದಾಖಲೆಗಳನ್ನು ತನ್ನಲ್ಲೇ ಉಳಿಸಿಕೊಂಡಿತು. ಆಟಗಾರರು ಹೊಸ ಹೆಸರಿನಲ್ಲಿ ಹೊಸ ಬದುಕು ಶುರುಮಾಡಿದರು. ಇದು ನನಗೆ ನ್ಯಾಯವೆನ್ನಿಸುತ್ತದೆ: ಬಂಡವಾಳ ಹಾಕಿದವನಿಗೆ ಬಂಡವಾಳ, ನೆನಪಿಟ್ಟುಕೊಂಡವರಿಗೆ ನೆನಪು.

ವಿನ್ನಿಪೆಗ್‌ಗೆ ಅಂಥ ಒಪ್ಪಂದ ಸಿಗಲಿಲ್ಲ. ಆದರೂ 2022ರಲ್ಲಿ ಆ ಊರು ಹಳೆಯ ಜೆಟ್ಸ್‌ನ ಡೇಲ್ ಹಾವರ್ಚಕ್‌ನ ಪ್ರತಿಮೆ ನಿಲ್ಲಿಸಿತು. ದಫ್ತರದ ಪ್ರಕಾರ ಅವನು ಈಗಿನ ಜೆಟ್ಸ್‌ಗೆ ಒಂದು ದಿನವೂ ಆಡಿದವನಲ್ಲ. ಊರು ದಫ್ತರವನ್ನು ಕೇಳಲಿಲ್ಲ.