ಮನಶ್ಶಾಂತಿ ಮತ್ತು ದಿನದ ಲೆಕ್ಕ



ಸೇವೆಯ ರಶೀದಿ ಬರೆಸುವಾಗ ಹೆಸರು, ಗೋತ್ರ, ನಕ್ಷತ್ರ ಹೇಳಿದ ಮೇಲೆ ಅನೇಕರು ತಮ್ಮ ಕೋರಿಕೆಯನ್ನೂ ಹೇಳಿಕೊಳ್ಳುತ್ತಾರೆ. ಮಗಳ ಮದುವೆ, ಮಗನ ನೌಕರಿ, ಕೋರ್ಟು ಕೇಸು ಹೀಗೆ ಒಬ್ಬೊಬ್ಬರದು ಒಂದೊಂದು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತು ಒಂದೇ: "ದೇವರು ಎಲ್ಲಾ ಕೊಟ್ಟಿದ್ದಾನೆ ಸ್ವಾಮಿ, ಮನಸ್ಸಿಗೆ ನೆಮ್ಮದಿ ಒಂದು ಇಲ್ಲ." ಬಸ್ಸಿನಲ್ಲಿ ಬಂದವರೂ ಇದನ್ನೇ ಹೇಳ್ತಾರೆ, ಸ್ವಂತ ಕಾರಿನಲ್ಲಿ ಬಂದವರೂ ಇದನ್ನೇ ಹೇಳ್ತಾರೆ.

ನೆಮ್ಮದಿ ಬೇಕಾದರೆ ಧ್ಯಾನ ಮಾಡಿ ಎಂದು ಈಗ ಎಲ್ಲ ಕಡೆಯಿಂದಲೂ ಕೇಳುತ್ತೇವೆ. ವಿಶ್ವಸಂಸ್ಥೆಯು 2015ರಿಂದ ಜೂನ್ 21ನ್ನು ಯೋಗ ದಿನವೆಂದೂ, 2024ರಿಂದ ಡಿಸೆಂಬರ್ 21ನ್ನು ಧ್ಯಾನ ದಿನವೆಂದೂ ಆಚರಿಸುತ್ತಿದೆ. ಸಂತೋಷದ ವಿಷಯ. ಆದರೆ ಇಲ್ಲಿ ಒಂದು ಧರ್ಮಸೂಕ್ಷ್ಮದ ಪ್ರಶ್ನೆ ಇದೆ. ಒಬ್ಬ ಮನುಷ್ಯ ತಮ್ಮನಿಗೆ ಸೇರಬೇಕಾದ ಜಮೀನನ್ನು ಕೊಡದೆ ಇಟ್ಟುಕೊಂಡಿದ್ದಾನೆ ಅಂತ ಇಟ್ಟುಕೊಳ್ಳಿ. ಅದರಿಂದ ಅವನಿಗೆ ರಾತ್ರಿ ನಿದ್ರೆ ಇಲ್ಲ. ಅವನು ದಿನಾ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತು ನಿದ್ರೆ ಬರುವ ಹಾಗೆ ಮಾಡಿಕೊಂಡ. ನಿದ್ರೆ ಬಂತು, ತಮ್ಮನಿಗೆ ಜಮೀನು ಮಾತ್ರ ಬರಲಿಲ್ಲ. ಇಂಥ ಶಾಂತಿಯನ್ನು ಶಾಂತಿ ಎನ್ನಬಹುದೇ? ಈ ವಿಚಾರವನ್ನು ಯಾತ್ರಿಕರು ಸ್ವಲ್ಪ ಯೋಚಿಸಬೇಕೆಂದು ಈ ನಾಲ್ಕು ಮಾತು.

ಧ್ಯಾನ ಏಳನೆಯದು

ಪತಂಜಲಿ ಮಹರ್ಷಿಗಳು ಯೋಗಕ್ಕೆ ಎಂಟು ಅಂಗಗಳನ್ನು ಹೇಳಿದ್ದಾರೆ: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಬೆರಳು ಮಡಿಸಿ ಎಣಿಸಿ ನೋಡಿ, ಧ್ಯಾನ ಬರುವುದು ಏಳನೆಯದಾಗಿ. ಮೊದಲನೆಯದಾದ ಯಮದಲ್ಲಿಯೇ ಅಹಿಂಸೆ, ಸತ್ಯ, ಅಸ್ತೇಯ ಇವೆ. ಅಸ್ತೇಯ ಅಂದರೆ ಇನ್ನೊಬ್ಬರದನ್ನು ಕದಿಯದೆ ಇರುವುದು. ಎರಡನೆಯದಾದ ನಿಯಮದಲ್ಲಿ ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂಬ ಐದು ಇವೆ. ಸ್ವಾಧ್ಯಾಯವೆಂದರೆ ಶಾಸ್ತ್ರಗ್ರಂಥಗಳನ್ನು ಓದುವುದು. ತನ್ನನ್ನು ತಾನು ಓದಿಕೊಳ್ಳುವುದು ಎಂದೂ ಬಲ್ಲವರು ಅರ್ಥ ಹೇಳುತ್ತಾರೆ. ಇದನ್ನೇ ನಾವು ಆತ್ಮಾವಲೋಕನ ಎನ್ನುತ್ತೇವೆ.

ಅಂದಮೇಲೆ ನಡತೆಯನ್ನು ತಿದ್ದಿಕೊಳ್ಳುವುದು, ತನ್ನನ್ನು ನೋಡಿಕೊಳ್ಳುವುದು ಇವೆರಡೂ ಧ್ಯಾನಕ್ಕಿಂತ ಮೊದಲು ಬಂದಿವೆ. ನಾವು ಮಾತ್ರ ಆರನ್ನೂ ಬಿಟ್ಟು ಸೀದಾ ಏಳಕ್ಕೇ ಹೋಗಿ ಕೂತುಕೊಳ್ತೇವೆ. ಬೆಟ್ಟದ ಬುಡದಲ್ಲಿ ನಿಂತು ಏಳನೇ ಮೆಟ್ಟಿಲಿಗೇ ಕಾಲು ಹಾಕಲು ಆಗುತ್ತದೆಯೇ?

ಉಸಿರಿನ ಉಪಕಾರ

ಹಾಗಂತ ಕೂತು ಧ್ಯಾನ ಮಾಡುವುದರಿಂದ ಪ್ರಯೋಜನ ಇಲ್ಲ ಎಂದು ಯಾರೂ ತಿಳಿಯಬಾರದು. ಸಾಮಾನ್ಯವಾಗಿ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಸಿಟ್ಟು ಬಂದಾಗ, ಭಯವಾದಾಗ ಇದು ಹೆಚ್ಚಾಗುತ್ತದೆ. ಉಸಿರು ಒಳಗೆ ತೆಗೆದುಕೊಳ್ಳುವಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಹೊರಗೆ ಬಿಡುವಾಗ ನಿಧಾನವಾಗುತ್ತದೆ. ಆದ್ದರಿಂದ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಟ್ಟರೆ ದೇಹ ತಾನಾಗಿಯೇ ಸಡಿಲವಾಗುತ್ತದೆ. ಮನಸ್ಸನ್ನು ಹಿಡಿಯಲು ನಮ್ಮ ಕೈಗೆ ಸಿಗುವ ಹಗ್ಗ ಉಸಿರೊಂದೇ. ಹಿರಿಯರು ಪ್ರಾಣಾಯಾಮವನ್ನು ಧ್ಯಾನಕ್ಕಿಂತ ಮೊದಲು ಇಟ್ಟಿದ್ದು ಸುಮ್ಮನೆ ಅಲ್ಲ.

ಮೆಟ್ಟಿಲು ಹತ್ತುವಾಗಲೇ ಇದನ್ನು ಅಭ್ಯಾಸ ಮಾಡಬಹುದು. ಮಾತು ನಿಲ್ಲಿಸಿ, ಹೆಜ್ಜೆಗೆ ಸರಿಯಾಗಿ ಉಸಿರು ತೆಗೆದುಕೊಳ್ಳಿ, ಬಿಡಿ. ಏದುಸಿರು ಬಂದರೆ ನಿಂತುಕೊಳ್ಳಿ, ನಾಚಿಕೆ ಬೇಡ. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಧ್ಯಾನ ಶುರು ಮಾಡಿದ್ದೇವೆಂದು ಮಾತ್ರೆ ಬಿಡಬಾರದು. ಧ್ಯಾನ ಔಷಧಿಗೆ ಜೊತೆಗಾರನೇ ಹೊರತು ಬದಲಿಯಲ್ಲ.

ಬಾಹುಬಲಿಯ ಮನಸ್ಸಿನ ಮುಳ್ಳು

ಧ್ಯಾನಕ್ಕೆ ನಿಂತವರಲ್ಲಿ ಬಾಹುಬಲಿಯ ಹಾಗೆ ನಿಂತವರು ಯಾರಿದ್ದಾರೆ? ಆದಿತೀರ್ಥಂಕರರ ಮಕ್ಕಳಾದ ಭರತ ಬಾಹುಬಲಿ ಇಬ್ಬರೂ ರಾಜ್ಯಕ್ಕಾಗಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು. ಮೂರರಲ್ಲೂ ಗೆದ್ದವನು ತಮ್ಮ ಬಾಹುಬಲಿ. ಗೆದ್ದ ಗಳಿಗೆಯಲ್ಲಿಯೇ ಅವನಿಗೆ ವೈರಾಗ್ಯ ಬಂತು. ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಟುಹೋದ. ಒಂದು ವರ್ಷ ನಿಂತಲ್ಲಿಂದ ಅಲುಗಲಿಲ್ಲ. ಕಾಲ ಬುಡದಲ್ಲಿ ಹುತ್ತ ಬೆಳೆಯಿತು, ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿತು. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ಶ್ರವಣಬೆಳಗೊಳದ ಬೆಟ್ಟದ ಮೇಲೆ ಮಾಡಿಸಿದ 58 ಅಡಿಯ ವಿಗ್ರಹದಲ್ಲಿ ಈ ಹುತ್ತವನ್ನೂ ಬಳ್ಳಿಯನ್ನೂ ನೀವೇ ನೋಡಿರುತ್ತೀರಿ.

ಅಷ್ಟು ತಪಸ್ಸು ಮಾಡಿದರೂ ಅವನಿಗೆ ಕೇವಲಜ್ಞಾನ ಆಗಲಿಲ್ಲ. ಯಾಕೆ? ತಾನು ನಿಂತಿರುವುದು ಅಣ್ಣನಿಗೆ ಸೇರಿದ ನೆಲ ಎಂಬ ಒಂದು ಎಣಿಕೆ ಮನಸ್ಸಿನೊಳಗೆ ಮುಳ್ಳಿನಂತೆ ಉಳಿದಿತ್ತು ಎಂದು ನಮ್ಮ ನಾಡಿನಲ್ಲಿ ಕಥೆ ಹೇಳುತ್ತಾರೆ. ಭರತನೇ ಬಂದು ತಮ್ಮನಿಗೆ ನಮಸ್ಕಾರ ಮಾಡಿದ ಮೇಲೆ ಆ ಮುಳ್ಳು ಹೋಯಿತು, ಜ್ಞಾನವಾಯಿತು. ನೋಡಿ, ದೇಹ ಒಂದು ವರ್ಷ ಕದಲದೆ ನಿಂತರೂ ಅಣ್ಣ ತಮ್ಮಂದಿರ ನಡುವಿನ ಒಂದು ಚಿಕ್ಕ ಮುಳ್ಳು ಹೋಗದೆ ಶಾಂತಿ ಪೂರ್ಣವಾಗಲಿಲ್ಲ. ಅಂಥವರಿಗೇ ಹೀಗಾದರೆ ದಿನಕ್ಕೆ ಹತ್ತು ನಿಮಿಷ ಕೂರುವ ನಮ್ಮ ಪಾಡೇನು? ಜೈನರು ದಿನದ ತಪ್ಪುಗಳನ್ನು ನೆನೆದು ಹಿಂದಿರುಗುವ ಪ್ರತಿಕ್ರಮಣವನ್ನು ಸಾಮಾಯಿಕ ಧ್ಯಾನದಂತೆಯೇ ಆವಶ್ಯಕ ಕ್ರಿಯೆಗಳಲ್ಲಿ ಸೇರಿಸಿರುವುದು ಇದಕ್ಕೇ ಇರಬೇಕು.

ಲಕ್ಕಮ್ಮನ ಲೆಕ್ಕ

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿ ಇದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅನುಭಾವದ ಮಾತಿನಲ್ಲಿ ಮುಳುಗಿ ಕಾಯಕವನ್ನೇ ಮರೆತು ಕೂತಾಗ ಎಚ್ಚರಿಸಿದವಳು ಲಕ್ಕಮ್ಮ. ಇನ್ನೊಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚಾಯಿತು, ಇದು ಆಸೆಯ ಅಕ್ಕಿ, ತಂದಲ್ಲೇ ಸುರಿದು ಬನ್ನಿ ಎಂದು ವಾಪಸು ಕಳಿಸಿದವಳೂ ಅವಳೇ. ಒಂದು ಹಿಡಿ ಅಕ್ಕಿಗೂ ಅವಳಲ್ಲಿ ಲೆಕ್ಕವಿತ್ತು. ಆ ಲೆಕ್ಕ ಬೇರೆಯವರ ಮೇಲೆ ಅಲ್ಲ, ತಮ್ಮ ಮನೆಯ ಮೇಲೆ. ನಾವು ಮಾಡುವ ಲೆಕ್ಕ ಹೆಚ್ಚಾಗಿ ಬೇರೆಯವರದು: ಅವನು ನನಗೆ ಹೀಗಂದ, ಇವಳು ನನಗೆ ಇಷ್ಟು ಕೊಡಬೇಕು ಅಂತ. ಅಲ್ಲವೇ?

ಲೆಕ್ಕ ಬರೆಯುವವರ ಪದ್ಧತಿ

ಲೆಕ್ಕ ಬರೆಯುವ ಯಾರನ್ನು ಬೇಕಾದರೂ ಕೇಳಿ. ಸಂಜೆ ರಶೀದಿ ಪುಸ್ತಕಕ್ಕೂ ಪೆಟ್ಟಿಗೆಯಲ್ಲಿರುವ ನಗದಿಗೂ ತಾಳೆ ನೋಡುತ್ತಾರೆ. ತಾಳೆ ಬರದಿದ್ದರೆ ಪುಸ್ತಕ ಮುಚ್ಚಿಟ್ಟು ಮನೆಗೆ ಹೋಗುವ ಹಾಗಿಲ್ಲ. ತಲೆ ಚಚ್ಚಿಕೊಂಡು ಅಳುವುದರಿಂದಲೂ ತಾಳೆ ಬರುವುದಿಲ್ಲ. ಸಮಾಧಾನವಾಗಿ ಮೊದಲನೇ ರಶೀದಿಯಿಂದ ನೋಡುತ್ತಾ ಬಂದರೆ ಎಲ್ಲಿ ಬಿಟ್ಟುಹೋಗಿದೆ ಅಂತ ಸಿಗುತ್ತದೆ.

ಮನಸ್ಸಿಗೂ ಇದೇ ಪದ್ಧತಿ. ಧ್ಯಾನ ಎಂದರೆ ಆ ಸಮಾಧಾನ. ಆತ್ಮಾವಲೋಕನ ಎಂದರೆ ಮೊದಲನೇ ರಶೀದಿಯಿಂದ ನೋಡುವುದು. ಸಮಾಧಾನ ಇಲ್ಲದೆ ಲೆಕ್ಕಕ್ಕೆ ಕೂತರೆ ತನ್ನನ್ನು ತಾನೇ ಬೈದುಕೊಳ್ಳುವುದೇ ಆಗುತ್ತದೆ. ಲೆಕ್ಕ ನೋಡದೆ ಬರೀ ಸಮಾಧಾನವಾಗಿ ಕೂತರೆ ಮುಚ್ಚಿಟ್ಟ ಪುಸ್ತಕದ ಹಾಗೆ.

ಹೇಗೆ ಮಾಡಬೇಕು?

ರಾತ್ರಿ ಊಟವಾಗಿ ಸ್ವಲ್ಪ ಹೊತ್ತಾದ ಮೇಲೆ, ಮೊಬೈಲು ಟಿ.ವಿ. ಆರಿಸಿ, ಹತ್ತು ನಿಮಿಷ ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಇಷ್ಟದೇವತೆಯ ನಾಮವೋ, ಬರೀ ಉಸಿರೋ, ಯಾವುದಾದರೂ ಒಂದರ ಮೇಲೆ ಗಮನವಿರಲಿ. ಮನಸ್ಸು ಓಡಿಹೋದರೆ ಮಗುವನ್ನು ಕರೆದ ಹಾಗೆ ಮೆಲ್ಲಗೆ ಕರೆದುಕೊಂಡು ಬನ್ನಿ. ಆಮೇಲೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಈ ದಿನ ನನ್ನ ದೇಹಕ್ಕೆ ಏನು ಮಾಡಿದೆ? ಊಟ, ನಿದ್ರೆ, ನಡಿಗೆ, ದುಶ್ಚಟ.
2. ಯಾರ ಮನಸ್ಸನ್ನು ನೋಯಿಸಿದೆ?
3. ಯಾರಿಂದ ಉಪಕಾರ ಪಡೆದೆ?
4. ನಾಳೆ ಬೆಳಿಗ್ಗೆ ಸರಿಮಾಡಬಹುದಾದ ಒಂದು ಕೆಲಸ ಯಾವುದು?

ನಾಲ್ಕನೆಯದೇ ಮುಖ್ಯ. ಒಂದೇ ಕೆಲಸ ಸಾಕು. ಒಂದು ಫೋನು ಮಾಡುವುದು, ಕೈಗಡ ತಂದ ಐನೂರು ರೂಪಾಯಿ ಹಿಂದಿರುಗಿಸುವುದು, ಅತ್ತೆಯವರ ಹತ್ತಿರ ಮಾತಾಡುವುದು. ವಿಶ್ವ ಆರೋಗ್ಯ ಸಂಸ್ಥೆಯು 1948ರಲ್ಲೇ ಆರೋಗ್ಯವೆಂದರೆ ದೇಹ ಮತ್ತು ಮನಸ್ಸು ಮಾತ್ರವಲ್ಲ, ಸಮಾಜದಲ್ಲಿ ಚೆನ್ನಾಗಿರುವುದೂ ಸೇರಿದೆ ಎಂದಿತು. ನಾಲ್ಕು ಜನರ ಜೊತೆ ಸರಿಯಿಲ್ಲದವನ ನೆಮ್ಮದಿ ಅರ್ಧ ನೆಮ್ಮದಿ.

ತೀರಿಸಲಾಗದ ಬಾಕಿ

ಇಲ್ಲಿ ಕೆಲವರು ಕೇಳಬಹುದು: ತಾಯಿ ತಂದೆ ಬದುಕಿದ್ದಾಗ ನೋಡಿಕೊಳ್ಳಲಿಲ್ಲ, ಈಗ ಅವರಿಲ್ಲ, ಯಾರಿಗೆ ಹೋಗಿ ತೀರಿಸಲಿ? ಇದು ಕಷ್ಟದ ಪ್ರಶ್ನೆ. ಶ್ರಾದ್ಧ ತರ್ಪಣ ಮಾಡುತ್ತೇವೆ, ಮಾಡಲೇಬೇಕು. ಆದರೆ ಮನೆಯ ಪಕ್ಕದಲ್ಲೇ ಒಬ್ಬ ಮುದುಕಿ ಔಷಧಿ ತರುವವರಿಲ್ಲದೆ ಕೂತಿರುತ್ತಾಳೆ. ತಾಯಿಗೆ ಸಲ್ಲಬೇಕಾದ್ದು ಆಕೆಗೆ ಸಲ್ಲಲಿ. ಹಾಗೆ ಮಾಡಿದರೂ ಸ್ವಲ್ಪ ಬಾಕಿ ಉಳಿಯುತ್ತದೆ ಎಂಬುದು ನಿಜ. ಉಳಿದ ಬಾಕಿಯನ್ನು ಮರೆಮಾಚದೆ ಮುಂದಿನ ಪುಟಕ್ಕೆ ತೆಗೆದುಕೊಂಡು ಹೋಗುವುದೇ ಪ್ರಾಮಾಣಿಕ ಲೆಕ್ಕ. ಅಂಥ ನೋವು ಇರುವವನು ಇನ್ನೊಬ್ಬರ ತಪ್ಪನ್ನೂ ದಯೆಯಿಂದ ನೋಡುತ್ತಾನೆ.

ಇನ್ನೊಂದು ಎಚ್ಚರಿಕೆ. ತಪ್ಪಿಲ್ಲದಿದ್ದರೂ ತಾನೇ ಪಾಪಿ ಎಂದು ಕೊರಗುವುದು, ವಾರಗಟ್ಟಲೆ ನಿದ್ರೆ ಬಾರದಿರುವುದು, ಸಾಯುವ ಯೋಚನೆ ಬರುವುದು, ಇವು ಪಾಪದ ಫಲವಲ್ಲ, ಕಾಯಿಲೆಯ ಲಕ್ಷಣ. ಅಂಥವರನ್ನು ಒಂಟಿಯಾಗಿ ಧ್ಯಾನಕ್ಕೆ ಕೂರಿಸದೆ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. 2022ರ ಅಕ್ಟೋಬರ್‌ನಿಂದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹರಕೆ ಹೊತ್ತುಕೊಳ್ಳಿ, ಜೊತೆಗೆ ಈ ನಂಬರನ್ನೂ ಬರೆದಿಟ್ಟುಕೊಳ್ಳಿ.

ಈಗ ಮೊದಲು ಕೇಳಿದ ಪ್ರಶ್ನೆಗೆ ಉತ್ತರ. ತಮ್ಮನ ಜಮೀನು ಇಟ್ಟುಕೊಂಡವನಿಗೆ ನಿದ್ರೆ ಬಾರದಿರುವುದು ರೋಗವಲ್ಲ, ದೇವರು ಒಳಗಿನಿಂದ ಬಾಗಿಲು ತಟ್ಟುತ್ತಿರುವುದು. ಅವನು ಧ್ಯಾನ ಮಾಡಲಿ. ಆದರೆ ಆ ಸದ್ದನ್ನು ಅಡಗಿಸುವುದಕ್ಕೆ ಬೇಡ, ಚೆನ್ನಾಗಿ ಕೇಳಿಸಿಕೊಳ್ಳುವುದಕ್ಕೆ ಮಾಡಲಿ. ಎದ್ದು ಹೋಗಿ ತಮ್ಮನ ಮನೆಯ ಬಾಗಿಲು ತಟ್ಟುವ ಧೈರ್ಯ ಬಂದರೆ ಅವನ ಧ್ಯಾನ ಫಲಿಸಿತು ಎಂದೇ ಅರ್ಥ.

ದರ್ಶನ ಮುಗಿಸಿದ ಮೇಲೆ ಪ್ರಾಕಾರದಲ್ಲಿ ಎಲ್ಲಾದರೂ ನೆರಳು ನೋಡಿ ಐದು ನಿಮಿಷ ಕೂತುಕೊಳ್ಳಿ. ನನ್ನಿಂದ ಯಾರಿಗೆ ಏನು ಸಲ್ಲಬೇಕು ಎಂದು ಒಬ್ಬರ ಹೆಸರು ನೆನಪು ಮಾಡಿಕೊಳ್ಳಿ. ಊರಿಗೆ ಹೋದಾಗ ಪ್ರಸಾದ ಕೊಡಲು ಮೊದಲು ಅವರ ಮನೆಗೇ ಹೋಗಿ.

ಎಲ್ಲರಿಗೂ ಒಳಿತಾಗಲಿ.